ಬಂದ ಲಿಂಕ್ ಬೇಡ, ಬಲ್ಲ ದಾರಿ ಸಾಕು

ಎರಡನೇ ಶನಿವಾರದ ಸಂಜೆ ಸಾಗರದಿಂದ ಮಾವನ ಫೋನ್ ಬಂತು. ಮಾವ ಅಂದರೆ ಅಮ್ಮನ ಅಣ್ಣ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದವರು. ಕೆಂಪು ಶಾಯಿಯ ಪೆನ್ನು ಈಗಲೂ ಜೇಬಿನಲ್ಲಿರುತ್ತದೆ. ಮದುವೆ ಕಾಗದ ಬಂದರೂ ಮೊದಲು ಕಾಗುಣಿತ ನೋಡಿ, ಆಮೇಲೆ ಮುಹೂರ್ತ ನೋಡುವವರು.

"ಬ್ಯಾಂಕಿನಿಂದ ಮೇಲ್ ಬಂದಿದೆ ಮಾರಾಯ. ನಾಳೆ ಸಂಜೆ ಒಳಗೆ ಕೆವೈಸಿ ಮಾಡದಿದ್ರೆ ಅಕೌಂಟ್ ಬಂದ್ ಮಾಡ್ತಾರಂತೆ. ಪೆನ್ಶನ್ ಅದಕ್ಕೇ ಬರೋದಲ್ವಾ? ಕೆಳಗೆ ಲಿಂಕ್ ಕೊಟ್ಟಿದಾರೆ. ಒತ್ತಲಾ?"

"ಒತ್ತಬೇಡಿ ಮಾವ. ಅದು ಬ್ಯಾಂಕಿನದ್ದಲ್ಲ."

"ನೋಡದೇ ಹ್ಯಾಗೆ ಹೇಳ್ತೀಯ? ನಾನು ಎರಡು ಸಲ ಓದಿದೆ. ಕನ್ನಡದಲ್ಲೇ ಇದೆ. ಒಂದೂ ತಪ್ಪಿಲ್ಲ. ಒತ್ತಕ್ಷರ, ದೀರ್ಘ ಎಲ್ಲ ಸರಿಯಾಗಿದೆ."

ಆ ಮಾತು ಕೇಳಿ ನನಗೆ ದಿಗಿಲಾಯಿತು. ಭಾಷೆ ಹದಗೆಟ್ಟಿದ್ದರೆ, ಕಾಗುಣಿತ ತಪ್ಪಿದ್ದರೆ ಆ ಮೇಲ್ ಸುಳ್ಳು ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದವರಲ್ಲಿ ನಾನೂ ಒಬ್ಬ. ಮಾವನಿಗೂ ಅದನ್ನು ಹೇಳಿಕೊಟ್ಟವನು ನಾನೇ. ಈಗ ಅದೇ ಪಾಠ ನಮ್ಮ ಮನೆತನದ ಅತ್ಯಂತ ಎಚ್ಚರದ ಓದುಗನನ್ನು ಕಳ್ಳನ ಬಾಗಿಲಿಗೆ ಒಯ್ದು ನಿಲ್ಲಿಸಿತ್ತು. ಯಂತ್ರಗಳು ಈಗ ತಪ್ಪಿಲ್ಲದ ಕನ್ನಡ ಬರೆಯುತ್ತವೆ. ಕನ್ನಡದ ಗಂಧವೇ ಇಲ್ಲದವನು ಎಲ್ಲೋ ಕೂತು, ನಮ್ಮ ಮೇಷ್ಟ್ರು ಮೆಚ್ಚುವ ಹಾಗೆ ಕಾಗದ ಬರೆಸಬಲ್ಲ. ತಪ್ಪು ಕಂಡರೆ ಈಗಲೂ ಅನುಮಾನಿಸಬೇಕು, ಸರಿ. ತಪ್ಪು ಕಾಣಲಿಲ್ಲವೆಂದು ನಂಬುವ ಕಾಲ ಮಾತ್ರ ಮುಗಿಯಿತು.

ಮೇಲ್‌ನ ಒಳಗೆ

ಮಾವ ವಾಟ್ಸ್‌ಆ್ಯಪಿನಲ್ಲಿ ಆ ಮೇಲ್‌ನ ಸ್ಕ್ರೀನ್‌ಶಾಟ್ ಕಳಿಸಿದರು. ಮೇಲೆ ಬ್ಯಾಂಕಿನ ಲೋಗೊ, ಬ್ಯಾಂಕಿನದ್ದೇ ಬಣ್ಣ. ಕೆಳಗೆ "ಪ್ರಿಯ ಗ್ರಾಹಕರೇ" ಎಂಬ ಸಂಬೋಧನೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ನಿಮ್ಮ ಕೆವೈಸಿ ಅವಧಿ ಮೀರಿದೆ, 24 ಗಂಟೆಯೊಳಗೆ ನವೀಕರಿಸದಿದ್ದರೆ ಖಾತೆಯ ವ್ಯವಹಾರ ನಿಲ್ಲುತ್ತದೆ ಎಂಬ ಎರಡು ವಾಕ್ಯ. ಅದರಡಿ "ಈಗಲೇ ನವೀಕರಿಸಿ" ಎಂಬ ನೀಲಿ ಬಟನ್. ಕೊನೆಗೆ ಸಣ್ಣ ಅಕ್ಷರದಲ್ಲಿ ಬ್ಯಾಂಕಿನ ಪ್ರಧಾನ ಕಚೇರಿಯ ವಿಳಾಸ, ಅದೂ ನಿಜವಾದದ್ದೇ. ಜೊತೆಗೊಂದು ಕಿವಿಮಾತು: "ನಿಮ್ಮ ಪಾಸ್‌ವರ್ಡ್ ಮತ್ತು ಒಟಿಪಿಯನ್ನು ಯಾರಿಗೂ ತಿಳಿಸಬೇಡಿ."

ಕಳ್ಳನೇ ಕಳ್ಳರಿದ್ದಾರೆ ಎಚ್ಚರ ಎನ್ನುತ್ತಿದ್ದ. ಬ್ಯಾಂಕಿನ ನಿಜವಾದ ಮೇಲ್ ಒಂದನ್ನು ಹಾಗೇ ನಕಲು ಮಾಡಿ, ನಡುವಿನ ಎರಡು ವಾಕ್ಯ ಮತ್ತು ಬಟನ್ ಬದಲಿಸಿದ್ದರು, ಅಷ್ಟೆ. ಲೋಗೊ ನಕಲಿಸಲು ಒಂದು ಕ್ಷಣ ಸಾಕು, ಕಾಸೂ ಖರ್ಚಿಲ್ಲ. ಆದ್ದರಿಂದ ನೋಡಲು ಬ್ಯಾಂಕಿನ ಮೇಲ್ ಹಾಗೇ ಇದೆ ಎಂಬುದಕ್ಕೆ ಸಾಕ್ಷಿಯ ಬೆಲೆಯೇ ಇಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹಿರಿಯರು ಹೇಳಿದ್ದು ಇಂಥದ್ದಕ್ಕೇ.

ಮೇಲ್ ಕಳಿಸಿದವನಿಗೆ ಗೊತ್ತಿಲ್ಲದ ಸಂಗತಿಗಳೂ ಇದ್ದವು. ಮಾವನ ಹೆಸರು ಅವನಿಗೆ ಗೊತ್ತಿರಲಿಲ್ಲ, ಖಾತೆಯ ಕೊನೆಯ ನಾಲ್ಕು ಅಂಕಿಯೂ ಗೊತ್ತಿರಲಿಲ್ಲ. ಸಾವಿರಾರು ಜನರಿಗೆ ಒಟ್ಟಿಗೆ ಗಾಳ ಬಿಟ್ಟವನಿಗೆ ಯಾವ ಮೀನು ಕಚ್ಚುತ್ತದೆಂದು ಮೊದಲೇ ತಿಳಿದಿರುವುದಿಲ್ಲ. ಹಾಗಂತ ಹೆಸರು ಹಿಡಿದು ಕರೆದರೆ ಅದು ಬ್ಯಾಂಕೇ ಎಂದೂ ಅಲ್ಲ. ಎಲ್ಲೆಲ್ಲೋ ಸೋರಿಹೋದ ಪಟ್ಟಿಗಳಲ್ಲಿ ನಮ್ಮ ಹೆಸರು, ಫೋನ್ ನಂಬರ್, ಹುಟ್ಟಿದ ದಿನ ಸಿಗುವ ಕಾಲವಿದು.

ಲಕೋಟೆಯ ಮೇಲೆ ಯಾರು ಏನು ಬೇಕಾದರೂ ಬರೆಯಬಹುದು

"ಆದ್ರೆ ಕಳಿಸಿದವರ ಜಾಗದಲ್ಲಿ ಬ್ಯಾಂಕಿನ ಹೆಸರೇ ಇದೆಯಲ್ಲೋ" ಎಂದರು ಮಾವ. ಬಹಳ ಜನ ಎಡವುವುದು ಇಲ್ಲೇ.

ಇ-ಮೇಲ್ ಸಾಗಿಸುವ ಎಸ್‌ಎಂಟಿಪಿ ಎಂಬ ವ್ಯವಸ್ಥೆ ರೂಪುಗೊಂಡದ್ದು 1982ರಲ್ಲಿ. ಆಗ ಅಂತರಜಾಲವೆಂದರೆ ಕೆಲವು ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳ ಒಳಬಳಗ. ಕಳಿಸಿದವನು ನಿಜಕ್ಕೂ ಅವನೇನಾ ಎಂದು ಪರೀಕ್ಷಿಸುವ ಏರ್ಪಾಡು ಅದರಲ್ಲಿ ಇರಲಿಲ್ಲ. ಅಂಚೆ ಲಕೋಟೆಯನ್ನು ನೆನಪಿಸಿಕೊಳ್ಳಿ. ಹಿಂಬದಿಯ 'ಇಂದ' ಎಂಬ ಜಾಗದಲ್ಲಿ ನಾನು ಮುಖ್ಯಮಂತ್ರಿಯ ಹೆಸರು ಬರೆದು ಡಬ್ಬಿಗೆ ಹಾಕಿದರೂ ಪೋಸ್ಟ್‌ಮ್ಯಾನ್ ಅದನ್ನು ತಲುಪಿಸುತ್ತಾನೆ. ಮೇಲ್ ಕೂಡ ಹಾಗೆಯೇ ಹುಟ್ಟಿತು.

ಆಮೇಲೆ ಮೂರು ಕಾವಲು ಹಾಕಿದರು. ನಮ್ಮ ಹೆಸರಿನಲ್ಲಿ ಮೇಲ್ ಕಳಿಸಲು ಇಂತಿಂಥ ಕಂಪ್ಯೂಟರ್‌ಗಳಿಗೆ ಮಾತ್ರ ಅನುಮತಿ ಎಂದು ಬ್ಯಾಂಕು ಪಟ್ಟಿ ಪ್ರಕಟಿಸುವುದು ಎಸ್‌ಪಿಎಫ್. ಪ್ರತಿ ಮೇಲ್‌ಗೂ ನಕಲು ಮಾಡಲಾಗದ ಅರಗಿನ ಮುದ್ರೆ ಒತ್ತಿ ಕಳಿಸುವುದು ಡಿಕಿಮ್. ಇವೆರಡೂ ಹೊಂದದ ಮೇಲ್ ಬಂದರೆ ಏನು ಮಾಡಬೇಕೆಂದು ಜಗತ್ತಿಗೆ ಹೇಳಿಡುವುದು ಡಿಮಾರ್ಕ್. ಒಟ್ಟೊಟ್ಟಿಗೆ ರಾಶಿ ಮೇಲ್ ಕಳಿಸುವವರಿಗೆ 2024ರ ಫೆಬ್ರುವರಿಯಿಂದ ಜಿಮೇಲ್ ಮತ್ತು ಯಾಹೂ ಈ ಮೂರನ್ನೂ ಕಡ್ಡಾಯ ಮಾಡಿವೆ.

ಬ್ಯಾಂಕಿನ ಅಸಲಿ ವಿಳಾಸವನ್ನೇ ಕದ್ದು ಬರೆಯುವುದು ಹೀಗೆ ಕಷ್ಟವಾಯಿತು. ಕಳ್ಳರು ಬೇರೆ ಉಪಾಯ ಹೂಡಿದರು. ವಿಳಾಸ ತಮ್ಮದೇ ಇಟ್ಟುಕೊಂಡು, ಅದರ ಮುಂದೆ ಕಾಣುವ ಹೆಸರನ್ನು ಮಾತ್ರ ಬ್ಯಾಂಕಿನದ್ದು ಮಾಡಿದರು. ಫೋನಿನ ಸಣ್ಣ ಪರದೆಯಲ್ಲಿ ನಮಗೆ ಕಾಣುವುದು ಆ ಹೆಸರು ಮಾತ್ರ. ಹೆಸರಿನ ಮೇಲೆ ಬೆರಳಿಟ್ಟರೆ ಹಿಂದಿನ ವಿಳಾಸ ತೆರೆದುಕೊಳ್ಳುತ್ತದೆ. ಮಾವನಿಗೆ ಹಾಗೆ ಮಾಡಲು ಹೇಳಿದೆ. ಬ್ಯಾಂಕಿನ ಹೆಸರಿನ ಹಿಂದೆ, ಬ್ಯಾಂಕಿಗೂ ತನಗೂ ಸಂಬಂಧವೇ ಇಲ್ಲದ ಒಂದು ಉದ್ದನೆಯ ವಿಳಾಸ ಅಡಗಿತ್ತು.

ವಿಳಾಸವನ್ನು ಬಲಗಡೆಯಿಂದ ಓದಿ

ಮುಂಬಯಿಯ ಮಾಟುಂಗದಲ್ಲಿ 'ಕೆಫೆ ಮೈಸೂರು' ಎಂಬ ಹಳೆಯ ಹೋಟೆಲಿದೆ. ಹೆಸರಿನಲ್ಲಿ ಮೈಸೂರು ಇದೆ ಎಂದು ಯಾರೂ ಅದನ್ನು ಮೈಸೂರಿನಲ್ಲಿ ಹುಡುಕುವುದಿಲ್ಲ. ಅದು ಯಾವ ಊರಿನದ್ದೆಂದು ತಿಳಿಯಲು ವಿಳಾಸದ ಕೊನೆಗೆ ಹೋಗುತ್ತೇವೆ. ವೆಬ್‌ಸೈಟಿನ ವಿಳಾಸವನ್ನೂ ಹೀಗೆಯೇ ಓದಬೇಕು. ಆರಂಭದ 'https://' ಬಿಟ್ಟು, ಆಮೇಲಿನ ಮೊದಲ ಓರೆಗೆರೆ ಬರುವ ತನಕದ ಭಾಗವನ್ನು ತೆಗೆದುಕೊಂಡು, ಅದರ ಬಲತುದಿಯಿಂದ ಎಡಕ್ಕೆ ಬನ್ನಿ. ಊರು, ಮಾಲೀಕ ಎರಡೂ ಇರುವುದು ಅಲ್ಲಿ. ಎಡಗಡೆ ಇರುವುದೆಲ್ಲ ಅಂಗಡಿಯ ಬೋರ್ಡು. ಬೋರ್ಡಿನ ಮೇಲೆ ಏನು ಬೇಕಾದರೂ ಬರೆಸಬಹುದು.

ಉದಾಹರಣೆಗೆ 'ನಮ್ಮಬ್ಯಾಂಕ್.ಬ್ಯಾಂಕ್.ಇನ್.ಕೆವೈಸಿ-ಸೇವೆ.ಕಾಮ್' ಎಂಬ ವಿಳಾಸ ನೋಡಿ. ನಿಜದಲ್ಲಿ ಇವು ಇಂಗ್ಲಿಷ್ ಅಕ್ಷರದಲ್ಲಿರುತ್ತವೆ, ಓದಲು ಅನುಕೂಲವಾಗಲೆಂದು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಎಡದಿಂದ ಓದಿದರೆ ಬ್ಯಾಂಕು ಎದ್ದು ಕಾಣುತ್ತದೆ. ಬಲದಿಂದ ಓದಿದರೆ ಇದರ ಮಾಲೀಕ 'ಕೆವೈಸಿ-ಸೇವೆ.ಕಾಮ್' ಎಂಬ ಯಾರೋ. ಇ-ಮೇಲ್ ವಿಳಾಸದಲ್ಲೂ @ ಚಿಹ್ನೆಯ ನಂತರದ ಭಾಗವನ್ನು ಹೀಗೇ ಓದಬೇಕು.

ನಮ್ಮ ದೇಶದ ಬ್ಯಾಂಕುಗಳ ವಿಷಯದಲ್ಲಿ ಈ ಓದು ಈಗ ಸುಲಭವಾಗಿದೆ. ಬ್ಯಾಂಕುಗಳಿಗೆ ಮಾತ್ರ ಮೀಸಲಾದ '.ಬ್ಯಾಂಕ್.ಇನ್' ಎಂಬ ವಿಳಾಸವನ್ನು ತರುವುದಾಗಿ ರಿಸರ್ವ್ ಬ್ಯಾಂಕ್ 2025ರ ಫೆಬ್ರುವರಿಯಲ್ಲಿ ಘೋಷಿಸಿತು. ಆ ವರ್ಷದ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ಅದಕ್ಕೆ ಬದಲಾಗಬೇಕೆಂದು ಗಡುವು ಕೊಟ್ಟಿತು. ಈ ವಿಳಾಸ ಹಂಚುವ ಅಧಿಕಾರವಿರುವುದು ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆಯೊಂದಕ್ಕೇ. '.ಕಾಮ್' ವಿಳಾಸವನ್ನು ಯಾರು ಬೇಕಾದರೂ ಕೆಲವೇ ನೂರು ರೂಪಾಯಿಗೆ ಕೊಳ್ಳಬಹುದು. '.ಬ್ಯಾಂಕ್.ಇನ್' ಹಾಗೆ ಸಂತೆಯಲ್ಲಿ ಸಿಗುವ ಸರಕಲ್ಲ. ಅದು ವಿಳಾಸದ ಬಲತುದಿಯಲ್ಲೇ ಇರಬೇಕು, ನಡುವೆ ಚುಕ್ಕಿಯೇ ಇರಬೇಕು. ಚುಕ್ಕಿಯ ಜಾಗದಲ್ಲಿ ಅಡ್ಡಗೆರೆ ಹಾಕಿ, ಹಿಂದೆ '.ಕಾಮ್' ಅಂಟಿಸಿದ್ದರೆ ಅದು ನಕಲಿ.

ಇನ್ನು ಕಣ್ಣನ್ನೇ ಮೋಸ ಮಾಡುವ ಅಕ್ಷರಗಳು. ಇಂಗ್ಲಿಷಿನ 'ಆರ್' ಮತ್ತು 'ಎನ್' ಸಣ್ಣಕ್ಷರಗಳನ್ನು ಒತ್ತಿ ಬರೆದರೆ 'ಎಂ' ಆಗಿ ಕಾಣುತ್ತದೆ. 'ಎಲ್' ಇರಬೇಕಾದಲ್ಲಿ ಒಂದು, 'ಓ' ಇರಬೇಕಾದಲ್ಲಿ ಸೊನ್ನೆ ಕೂರಿಸುತ್ತಾರೆ. ಇದನ್ನು ಹೇಳುವಾಗ ಮಾವನೇ ನಡುವೆ ಬಾಯಿ ಹಾಕಿದರು: "ನಮ್ಮಲ್ಲೂ ಇದೆಯಲ್ಲೋ! ಅನುಸ್ವಾರದ ಸೊನ್ನೆ, ಲೆಕ್ಕದ ಸೊನ್ನೆ. ಬರೆದ್ರೆ ಎರಡೂ ಒಂದೇ." ನಿಜ. ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವಾಗ ಅಂಕಿಯ ೦ ಹಾಕಬೇಕಾದ ಕಡೆ ಅನುಸ್ವಾರ ಹಾಕಿದರೂ ಓದುವವರಿಗೆ ಗೊತ್ತಾಗುವುದಿಲ್ಲ. ಕನ್ನಡದ 'ಬ', 'ಲ', 'ಜ' ತೆಲುಗಿನಲ್ಲೂ ಹೆಚ್ಚುಕಡಿಮೆ ಅದೇ ರೂಪದಲ್ಲಿವೆ. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ರಷ್ಯನ್ ಲಿಪಿಯ 'ಎ'ಕಾರವನ್ನು ಇಂಗ್ಲಿಷ್ ಹೆಸರಿನ ನಡುವೆ ನುಗ್ಗಿಸುವವರು ಇದೇ ಯುಕ್ತಿಯನ್ನು ಬಳಸುತ್ತಾರೆ.

ಬೀಗದ ಚಿಹ್ನೆಯ ಬಗ್ಗೆ ಒಂದು ಮಾತು. ವಿಳಾಸದ ಪಕ್ಕ ಬೀಗ ಇದ್ದರೆ ಸುರಕ್ಷಿತ ಎಂದು ನಮಗೆಲ್ಲ ಹೇಳಿಕೊಟ್ಟಿದ್ದರು. ಆ ಬೀಗದ ಅರ್ಥ ಇಷ್ಟೇ: ನೀವು ಟೈಪ್ ಮಾಡಿದ್ದನ್ನು ದಾರಿಯಲ್ಲಿ ಬೇರೆಯವರು ಓದಲಾರರು. ದಾರಿಯ ಆ ತುದಿಯಲ್ಲಿ ಕೂತವನು ಕಳ್ಳನೇ ಆಗಿದ್ದರೆ, ನಿಮ್ಮ ಪಾಸ್‌ವರ್ಡ್ ಅವನಿಗೆ ಭದ್ರವಾಗಿಯೇ ತಲುಪುತ್ತದೆ. ನಕಲಿ ತಾಣಗಳೂ ಬೀಗ ಹಾಕಿಕೊಂಡು ಬರತೊಡಗಿದ ಮೇಲೆ ಕ್ರೋಮ್ ಬ್ರೌಸರ್ 2023ರ ಸೆಪ್ಟೆಂಬರಿನಲ್ಲಿ ಆ ಚಿಹ್ನೆಯನ್ನೇ ತೆಗೆದುಹಾಕಿತು.

ಬ್ಯಾಂಕಿನ ನಡೆ ಗೊತ್ತಿರಲಿ

ವಿಳಾಸದ ಸೂಕ್ಷ್ಮ ತಿಳಿಯದಿದ್ದರೂ ಬ್ಯಾಂಕು ಹೇಗೆ ನಡೆದುಕೊಳ್ಳುತ್ತದೆ ಎಂದು ತಿಳಿದವರಿಗೆ ಮೋಸ ಮಾಡುವುದು ಕಷ್ಟ. ಕೆವೈಸಿಯನ್ನೇ ತೆಗೆದುಕೊಳ್ಳಿ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಹೆಚ್ಚು ಅಪಾಯದ ವರ್ಗದ ಗ್ರಾಹಕರು 2 ವರ್ಷಕ್ಕೊಮ್ಮೆ, ಮಧ್ಯಮ ವರ್ಗದವರು 8 ವರ್ಷಕ್ಕೊಮ್ಮೆ, ಕಡಿಮೆ ಅಪಾಯದವರು 10 ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು. 2025ರ ಜೂನ್‌ನ ತಿದ್ದುಪಡಿಯಂತೆ ಅವಧಿ ಮುಗಿಯುವ ಮೊದಲು ಬ್ಯಾಂಕು ಕನಿಷ್ಠ ಮೂರು ಸಲ ತಿಳಿಸಬೇಕು, ಅದರಲ್ಲಿ ಒಂದಾದರೂ ಪತ್ರದ ಮೂಲಕ ಇರಬೇಕು. ಅವಧಿ ಮುಗಿದ ಮೇಲೂ ಮತ್ತೆ ಮೂರು ನೆನಪೋಲೆ, ಅದರಲ್ಲೂ ಒಂದು ಪತ್ರ. ಇಷ್ಟು ನಿಧಾನವಾಗಿ ಸಾಗುವ ಕೆಲಸಕ್ಕೆ ಶನಿವಾರ ಸಂಜೆ ಬಂದು 24 ಗಂಟೆಯ ಗಡುವು ಹಾಕುವವನು ಬ್ಯಾಂಕಿನವನಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಇವರಿಗೂ ಗೊತ್ತು. ನಮ್ಮನ್ನು ಆತುರಕ್ಕೆ ತಳ್ಳುವುದೇ ಇವರ ಬಂಡವಾಳ. ಬ್ಯಾಂಕಿನ ಬಾಗಿಲು ಮುಚ್ಚಿರುವ ಹೊತ್ತು ಇವರಿಗೆ ಇನ್ನೂ ಅನುಕೂಲ, ಹೋಗಿ ಕೇಳುವಂತಿಲ್ಲವಲ್ಲ.

ಭಯ ನಾಟದವರಿಗೆ ಆಸೆ ಹಾಕುತ್ತಾರೆ. ಕ್ರೆಡಿಟ್ ಕಾರ್ಡಿನ ರಿವಾರ್ಡ್ ಪಾಯಿಂಟ್ ಇವತ್ತೇ ಮುಗಿಯುತ್ತದೆ, ತೆರಿಗೆ ಮರುಪಾವತಿ ಬಂದಿದೆ ಎನ್ನುತ್ತಾರೆ. ಎಲ್ಲಕ್ಕಿಂತ ಜಾಣತನದ್ದು ಇನ್ನೊಂದಿದೆ: "ನಿಮ್ಮ ಖಾತೆಯಿಂದ 49,999 ರೂಪಾಯಿ ವರ್ಗಾವಣೆಯಾಗಿದೆ. ಇದು ನೀವು ಮಾಡಿದ್ದಲ್ಲದಿದ್ದರೆ ತಕ್ಷಣ ಇಲ್ಲಿ ಒತ್ತಿ." ಎಚ್ಚರದ ಮನುಷ್ಯನೇ ಬೇಗ ಒತ್ತುವಂತೆ ಮಾಡಿದ ಬಲೆ ಇದು. ಹಣ ಹೋಗಿಲ್ಲ, ಒತ್ತಿದ ಮೇಲೆ ಹೋಗುತ್ತದೆ.

ಮೇಲ್ ಜೊತೆ ಬರುವ ಫೈಲುಗಳಲ್ಲೂ ವ್ಯತ್ಯಾಸ ಗುರುತಿಸಬಹುದು. ಬ್ಯಾಂಕು ಕಳಿಸುವ ಸ್ಟೇಟ್‌ಮೆಂಟ್ ಸಾಮಾನ್ಯವಾಗಿ ಪಾಸ್‌ವರ್ಡ್ ಹಾಕಿದ ಪಿಡಿಎಫ್ ಆಗಿರುತ್ತದೆ. ನಿಮ್ಮ ಹೆಸರಿನ ಮೊದಲ ಅಕ್ಷರಗಳೋ, ಹುಟ್ಟಿದ ದಿನಾಂಕವೋ ಅದರ ಕೀಲಿ. ಎಚ್‌ಟಿಎಂಎಲ್ ಫೈಲ್ ಕಳಿಸಿ ತೆರೆಯಿರಿ ಎಂದರೆ, ಅದು ನಿಮ್ಮ ಫೋನಿನಲ್ಲೇ ಕಳ್ಳಪುಟ ಬಿಚ್ಚುವ ಉಪಾಯ. ಎಪಿಕೆ ಎಂದು ಕೊನೆಯಾಗುವ ಫೈಲ್ ಬಂದರೆ ಮುಟ್ಟಲೇಬೇಡಿ. ಅದು ಆ್ಯಪ್ ಆಗಿ ಕೂತು, ನಿಮಗೆ ಬರುವ ಒಟಿಪಿ ಸಂದೇಶಗಳನ್ನು ಕಳ್ಳನಿಗೆ ರವಾನಿಸಬಲ್ಲದು.

ಈ ಮೋಸ ನಮ್ಮಲ್ಲಿ ಇಷ್ಟು ಸಲೀಸಾಗಿ ನಾಟಲು ಒಂದು ಕಾರಣವಿದೆ ಎಂದು ನನಗೆ ಅನ್ನಿಸುತ್ತದೆ. ಕರ್ನಾಟಕದವರಿಗೆ ಬ್ಯಾಂಕೆಂದರೆ ಒಂದು ಮುಖ ಇತ್ತು. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿದಾಗ ಏಜೆಂಟರು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯನ್ನೂ ಕಟ್ಟಿಸಿಕೊಂಡು ಹೋಗುತ್ತಿದ್ದರು. ನಾನು ಚಿಕ್ಕವನಿದ್ದಾಗಲೂ ಅಜ್ಜಿ ಪಿಗ್ಮಿಯವರಿಗೆ ಚಹಾ ಕೊಟ್ಟೇ ಕಳಿಸುತ್ತಿದ್ದಳು. ಅವರ ಮುಖವೇ ಗುರುತಿನ ಚೀಟಿ. ಆಮೇಲೆ ಕಾಲ ಬದಲಾಯಿತು. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, 2019ರ ಅದೇ ದಿನ ವಿಜಯಾ ಬ್ಯಾಂಕ್, 2020ರ ಅದೇ ದಿನ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕ್‌ಗಳು ದೊಡ್ಡ ಬ್ಯಾಂಕುಗಳಲ್ಲಿ ವಿಲೀನವಾದವು. ಐಎಫ್‌ಎಸ್‌ಸಿ ಕೋಡ್ ಬದಲಾಗಿದೆ, ಚೆಕ್‌ಬುಕ್ ಬದಲಿಸಿಕೊಳ್ಳಿ ಎಂಬ ಸಂದೇಶಗಳು ಬಂದವು, ಅವು ನಿಜವಾಗಿದ್ದವು. ಮುಖ ಹೋಯಿತು, ಬೋರ್ಡಿನ ಹೆಸರೂ ಬದಲಾಯಿತು, ಸಂದೇಶದಲ್ಲಿ ಬಂದದ್ದನ್ನು ಪಾಲಿಸುವ ರೂಢಿ ನಮಗೆ ಅಂಟಿಕೊಂಡಿತು. ಕಳ್ಳ ನುಗ್ಗುವುದು ಆ ರೂಢಿಯ ಕಿಂಡಿಯಿಂದ.

ಒತ್ತಿದ ಮೇಲೆ ಏನಾಗುತ್ತದೆ

"ಒತ್ತಿದ್ರೂ ಒಟಿಪಿ ನನ್ನ ಫೋನಿಗೇ ಬರೋದಲ್ವಾ? ಅದಿಲ್ಲದೆ ಹ್ಯಾಗೆ ದುಡ್ಡು ತೆಗೀತಾರೆ?" ಮಾವನ ಈ ಪ್ರಶ್ನೆ ಎಲ್ಲರದ್ದೂ ಹೌದು.

ಬಟನ್ ಒತ್ತಿದರೆ ಬ್ಯಾಂಕಿನ ಲಾಗಿನ್ ಪುಟದ ಹಾಗೇ ಇರುವ ಪುಟ ತೆರೆಯುತ್ತದೆ. ಯೂಸರ್ ಐಡಿ, ಪಾಸ್‌ವರ್ಡ್ ಹಾಕುತ್ತೀರಿ. ಅದು ಅದೇ ಕ್ಷಣ ಆ ಕಡೆಯವನ ಪರದೆಗೆ ಹೋಗುತ್ತದೆ. ಅವನು ಅದನ್ನು ಬ್ಯಾಂಕಿನ ಅಸಲಿ ತಾಣದಲ್ಲಿ ಹಾಕುತ್ತಾನೆ. ಅಸಲಿ ಬ್ಯಾಂಕು ನಿಮ್ಮ ಫೋನಿಗೆ ಅಸಲಿ ಒಟಿಪಿ ಕಳಿಸುತ್ತದೆ. ನಕಲಿ ಪುಟ ಒಟಿಪಿ ನಮೂದಿಸಿ ಎಂದು ಕಾಯುತ್ತಿರುತ್ತದೆ. ನೀವು ಹಾಕುತ್ತೀರಿ, ಅವನು ಅಲ್ಲಿ ಹಾಕುತ್ತಾನೆ. ಬಳಿಕ ಪುಟದಲ್ಲಿ ಒಂದು ಚಕ್ರ ತಿರುಗುತ್ತದೆ, "ಒಟಿಪಿ ತಪ್ಪಾಗಿದೆ, ಮತ್ತೊಮ್ಮೆ ಹಾಕಿ" ಎನ್ನುತ್ತದೆ. ಎರಡನೇ ಒಟಿಪಿ ಬರುತ್ತದೆ. ಮೊದಲನೆಯದು ಒಳಗೆ ಹೋಗಲು, ಎರಡನೆಯದು ಹಣ ಸಾಗಿಸಲು. ಇಷ್ಟಕ್ಕೆ ಬೇಕಾಗುವುದು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು.

ಇಲ್ಲಿಯ ತನಕ ಬಂದವರಿಗೂ ತಪ್ಪಿಸಿಕೊಳ್ಳಲು ಒಂದು ಬಾಗಿಲು ಉಳಿದಿರುತ್ತದೆ. ಒಟಿಪಿಯ ಅಂಕಿ ಮಾತ್ರ ನೋಡಬೇಡಿ, ಸಂದೇಶ ಪೂರ್ತಿ ಓದಿ. ಈ ಒಟಿಪಿ ಯಾವುದಕ್ಕೆ ಎಂದು ಬ್ಯಾಂಕು ಅದರಲ್ಲೇ ಬರೆದಿರುತ್ತದೆ. ಹೊಸಬರ ಖಾತೆಯನ್ನು ಸೇರಿಸಲು ಎಂದೋ, ಇಷ್ಟು ರೂಪಾಯಿ ವರ್ಗಾವಣೆಗೆ ಎಂದೋ ಇರುತ್ತದೆ. ಮೇಲ್ ಹೇಳಿದ್ದು ಕೆವೈಸಿ, ಸಂದೇಶ ಹೇಳುತ್ತಿರುವುದು ಹಣ ವರ್ಗಾವಣೆ. ಆ ಎರಡು ಮಾತು ತಾಳೆಯಾಗದಿದ್ದರೆ ಫೋನ್ ಕೆಳಗಿಡಿ.

ತೀರ್ಮಾನಿಸುವ ಹೊರೆಯೇ ಬೇಡ

ಇಷ್ಟೆಲ್ಲ ಕೇಳಿದ ಮಾವ ಸುಮ್ಮನಾದರು. "ಇಷ್ಟು ನೆನಪಿಟ್ಟುಕೊಳ್ಳಕ್ಕೆ ನನ್ನ ಕೈಲಾಗಲ್ಲ ಮಾರಾಯ" ಎಂದರು ಆಮೇಲೆ. ಅದು ಸೋಲಿನ ಮಾತಲ್ಲ, ಸರಿಯಾದ ಮಾತು. ಕಳ್ಳ ನೂರು ವೇಷ ಹಾಕಬಹುದು. ನೂರನ್ನೂ ಪ್ರತಿ ಸಲ ಗುರುತಿಸಬೇಕು ಎಂಬ ಶರತ್ತಿನ ಮೇಲೆ ನಮ್ಮ ಜೀವಮಾನದ ಉಳಿತಾಯ ನಿಲ್ಲಬಾರದು.

ಹಾಗಾಗಿ ಮಾವನಿಗೆ ನಾನು ಕೊಟ್ಟದ್ದು ಒಂದೇ ನಿಯಮ. ಮೇಲ್ ನಿಜವೋ ಸುಳ್ಳೋ ಎಂದು ತೀರ್ಮಾನಿಸಲೇ ಹೋಗಬೇಡಿ. ಅದು ತೋರಿಸಿದ ದಾರಿಯಲ್ಲಿ ಹೋಗಬೇಡಿ, ಅಷ್ಟೆ. ಬ್ಯಾಂಕಿಗೆ ಹೋಗಲು ನಿಮಗೆ ಮೊದಲೇ ಗೊತ್ತಿರುವ ದಾರಿಗಳಿವೆ. ಫೋನಿನಲ್ಲಿ ಇರುವ ಬ್ಯಾಂಕಿನ ಆ್ಯಪ್, ನೀವೇ ಟೈಪ್ ಮಾಡುವ ವಿಳಾಸ, ಡೆಬಿಟ್ ಕಾರ್ಡಿನ ಹಿಂದೆ ಅಚ್ಚಾದ ನಂಬರ್, ಪೇಟೆಯ ಶಾಖೆ. ಕೆವೈಸಿ ನಿಜವಾಗಿ ಬಾಕಿ ಇದ್ದರೆ ಅಲ್ಲೂ ಹೇಳುತ್ತಾರೆ. ಮೇಲ್ ನಿಜವಾಗಿದ್ದರೂ ಹೀಗೆ ಹೋದದ್ದರಿಂದ ನಿಮಗೆ ನಷ್ಟವಿಲ್ಲ. ಸುಳ್ಳಾಗಿದ್ದರೆ ಎಲ್ಲ ಉಳಿಯಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬುದು ಹಳೆಯ ಮಾತು. ಪ್ರಮಾಣಿಸಿ ನೋಡುವ ದಾರಿ ಮಾತ್ರ ನಮ್ಮದೇ ಆಗಿರಬೇಕು. ಮೇಲ್‌ನಲ್ಲಿ ಕೊಟ್ಟ ನಂಬರಿಗೇ ಫೋನ್ ಮಾಡಿ ಇದು ನಿಜವಾ ಎಂದು ಕೇಳಿದರೆ, ಹೌದು ಎನ್ನುವವನು ಕಳ್ಳನೇ. ಗ್ರಾಹಕ ಸೇವೆಯ ನಂಬರನ್ನು ಗೂಗಲ್‌ನಲ್ಲಿ ಹುಡುಕುವುದೂ ಅಪಾಯ, ನಕಲಿ ನಂಬರುಗಳು ಅಲ್ಲಿಯೂ ಕೂತಿರುತ್ತವೆ.

ಹೊರದೇಶದಲ್ಲಿರುವ ಕನ್ನಡಿಗರಿಗೆ ಈ ನಿಯಮ ಇನ್ನೂ ಮುಖ್ಯ. ದುಬೈಯಲ್ಲೋ ನ್ಯೂಜೆರ್ಸಿಯಲ್ಲೋ ಇದ್ದುಕೊಂಡು ಎನ್‌ಆರ್‌ಐ ಖಾತೆ ನಡೆಸುವವರಿಗೆ ಊರಿನ ಬ್ಯಾಂಕು ಮಾತಾಡುವುದು ಹೆಚ್ಚಾಗಿ ಮೇಲ್‌ನಲ್ಲೇ, ಶಾಖೆಗೆ ನಡೆದುಹೋಗುವಂತಿಲ್ಲ. ಅಂಥವರು ತಾವೇ ನೆಟ್‌ಬ್ಯಾಂಕಿಂಗ್ ತೆರೆದು ಅದರೊಳಗೇ ವಿಚಾರಿಸುವುದು ಒಳ್ಳೆಯದು.

ಬ್ಯಾಂಕುಗಳಿಗೂ ಒಂದು ಮಾತು ಹೇಳಬೇಕು. ಲಿಂಕ್ ಒತ್ತಬೇಡಿ ಎಂದು ಜಾಹೀರಾತು ಕೊಡುವ ಬ್ಯಾಂಕುಗಳೇ ಸಾಲದ ಆಫರ್, ಕಾರ್ಡಿನ ಆಫರ್ ಎಂದು ಲಿಂಕ್ ತುಂಬಿದ ಮೇಲ್ ಕಳಿಸುತ್ತಿರುತ್ತವೆ. ಒತ್ತುವ ಅಭ್ಯಾಸವನ್ನು ಒಂದು ಕೈಯಲ್ಲಿ ಕಲಿಸಿ, ಒತ್ತಿದ್ದಕ್ಕೆ ಗ್ರಾಹಕನನ್ನು ಇನ್ನೊಂದು ಕೈಯಲ್ಲಿ ದೂರುವುದು ನ್ಯಾಯವಲ್ಲ. ನಮ್ಮ ಮೇಲ್‌ನಲ್ಲಿ ಎಂದೂ ಲಿಂಕ್ ಇರುವುದಿಲ್ಲ ಎಂದು ಒಂದು ಬ್ಯಾಂಕು ಹೇಳಿ, ಹಾಗೇ ನಡೆದುಕೊಂಡರೆ ಸಾಕು. ಅಂದಿನಿಂದ ಲಿಂಕ್ ಇರುವ ಪ್ರತಿ ಮೇಲ್ ತನ್ನನ್ನು ತಾನೇ ಬಯಲು ಮಾಡಿಕೊಳ್ಳುತ್ತದೆ.

ಕೈಜಾರಿದ್ದರೆ

ಒತ್ತಿ, ವಿವರ ಕೊಟ್ಟುಬಿಟ್ಟಿದ್ದರೆ ಮೊದಲು ಮಾಡಬೇಕಾದ್ದು 1930ಕ್ಕೆ ಫೋನ್. ಇದು ಹಣಕಾಸಿನ ಸೈಬರ್ ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ. ಕದ್ದ ಹಣ ಒಂದೇ ಖಾತೆಯಲ್ಲಿ ಕೂರುವುದಿಲ್ಲ. ಬಾಡಿಗೆಗೆ ಪಡೆದ ಬೇರೆಯವರ ಖಾತೆಗಳಲ್ಲಿ ಒಂದರಿಂದ ಒಂದಕ್ಕೆ ಹಾರುತ್ತ ಕೊನೆಗೆ ನಗದಾಗುತ್ತದೆ. 1930ಕ್ಕೆ ಬಂದ ದೂರು ಆ ಖಾತೆಗಳ ಬ್ಯಾಂಕುಗಳಿಗೆ ತಲುಪಿ, ಹಣ ಇನ್ನೂ ದಾರಿಯಲ್ಲಿದ್ದರೆ ತಡೆಹಿಡಿಯುತ್ತಾರೆ. ಆದ್ದರಿಂದ ಇಲ್ಲಿ ಲೆಕ್ಕ ನಿಮಿಷಗಳದ್ದು. ಅದರ ಬೆನ್ನಿಗೇ ಬ್ಯಾಂಕಿಗೆ ತಿಳಿಸಿ, ನೆಟ್‌ಬ್ಯಾಂಕಿಂಗ್ ಮತ್ತು ಕಾರ್ಡು ನಿಲ್ಲಿಸಿ, ಪಾಸ್‌ವರ್ಡ್ ಬದಲಿಸಿ, ದೂರಿನ ಸಂಖ್ಯೆ ಮತ್ತು ಸಮಯ ಬರೆದಿಟ್ಟುಕೊಳ್ಳಿ. ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ, ಹತ್ತಿರದ ಸೈಬರ್ ಠಾಣೆಯಲ್ಲೂ ದೂರು ಕೊಡಬಹುದು. ನಮ್ಮ ಜಿಲ್ಲೆಗಳಲ್ಲಿ ಇದನ್ನು ಸೆನ್ ಠಾಣೆ ಎನ್ನುತ್ತಾರೆ.

ಸಮಯ ಬರೆದಿಡಿ ಎಂದದ್ದಕ್ಕೆ ಕಾರಣವಿದೆ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಗ್ರಾಹಕನ ತಪ್ಪೂ ಇಲ್ಲದೆ ಬ್ಯಾಂಕಿನ ತಪ್ಪೂ ಇಲ್ಲದೆ ಹಣ ಹೋಗಿ, ಅವನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಅವನ ಮೇಲೆ ಬೀಳುವುದಿಲ್ಲ. ಪಾಸ್‌ವರ್ಡ್, ಒಟಿಪಿ ತಾನೇ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕನದ್ದು. ತಿಳಿಸಿದ ನಂತರ ಹೋದದ್ದು ಬ್ಯಾಂಕಿನದ್ದು. ಬ್ಯಾಂಕು 30 ದಿನದಲ್ಲಿ ಸರಿಯಾಗಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬಳಿ ಹೋಗಬಹುದು, ಮಾಹಿತಿಗೆ 14448ಕ್ಕೆ ಫೋನ್ ಮಾಡಬಹುದು. ಕಾನೂನು ಕೂಡ ಸಂತ್ರಸ್ತರ ಕಡೆಗಿದೆ. ಇಂಥ ಗಾಳ ಹಾಕುವುದು ಕಾನೂನುಬಾಹಿರ ಎಂದು ದೆಹಲಿ ಹೈಕೋರ್ಟ್ 2005ರಲ್ಲೇ ನಾಸ್ಕಾಮ್ ಹೂಡಿದ ಪ್ರಕರಣದಲ್ಲಿ ಹೇಳಿತು. ಐಟಿ ಕಾಯ್ದೆಯ 66ಡಿ ಕಲಮಿನಡಿ ಕಂಪ್ಯೂಟರ್ ಬಳಸಿ ಬೇರೆಯವರಂತೆ ನಟಿಸಿ ವಂಚಿಸಿದವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ.

ಇಷ್ಟೆಲ್ಲ ಏರ್ಪಾಡು ಇದ್ದೂ ಕೆಲಸಕ್ಕೆ ಬಾರದಂತೆ ಮಾಡುವುದು ನಾಚಿಕೆ. ಓದಿದವನು ನಾನು, ಹೀಗೆ ಮೋಸಹೋದೆ ಎಂದು ಹೇಗೆ ಹೇಳಲಿ ಎಂದು ಮುಚ್ಚಿಡುವ ಒಂದೊಂದು ಗಂಟೆಯೂ ಕಳ್ಳನಿಗೆ ಕೊಟ್ಟ ಉಡುಗೊರೆ.

ಸೋಮವಾರ ಬೆಳಿಗ್ಗೆ ಮಾವ ಪಾಸ್‌ಬುಕ್ ಹಿಡಿದು ಶಾಖೆಗೆ ಹೋದರು. ಅವರ ಕೆವೈಸಿಗೆ ಇನ್ನೂ ವರ್ಷಗಟ್ಟಲೆ ಅವಧಿ ಇತ್ತು. ಹಿಂದೆ ಬರುವಾಗ ಆ ಮೇಲ್ ಪ್ರಿಂಟ್ ಮಾಡಿಸಿಕೊಂಡು, ಪೆನ್ಶನ್‌ದಾರರು ಪೇಪರ್ ಓದುತ್ತ ಕೂರುವ ಲೈಬ್ರರಿಗೆ ಹೋದರಂತೆ. ಕೆಂಪು ಪೆನ್ನು ತೆಗೆದು ಮೂರು ಕಡೆ ಸುತ್ತು ಹಾಕಿ ಎಲ್ಲರಿಗೂ ತೋರಿಸಿದರಂತೆ: "ಪ್ರಿಯ ಗ್ರಾಹಕರೇ", "24 ಗಂಟೆಯೊಳಗೆ", ಆ ನೀಲಿ ಬಟನ್.

ಎಲ್ಲರೂ ಮಾತಾಡಿದರು. ಒಬ್ಬರು ಮಾತ್ರ ಏನೂ ಹೇಳಲಿಲ್ಲ, ಹಳೆಯ ಸಹೋದ್ಯೋಗಿ. ಮಾವ ಹೊರಡುವಾಗ ಅವರು ಹಿಂದೆಯೇ ಬಂದು ಮೆಟ್ಟಿಲ ಮೇಲೆ ನಿಂತು ಹೇಳಿದರಂತೆ: "ನಂಗೂ ಇದೇ ಬಂದಿತ್ತು ಮೇಷ್ಟ್ರೇ. ನಿನ್ನೆ ರಾತ್ರಿ ಒತ್ತಿಬಿಟ್ಟೆ. ಮನೇಲಿ ಯಾರಿಗೂ ಹೇಳಿಲ್ಲ." ಮಾವ ಅಲ್ಲೇ ಮೆಟ್ಟಿಲ ಮೇಲೆ ಅವರನ್ನು ಕೂರಿಸಿ 1930 ಒತ್ತಿದರು. ಹಣ ಎಷ್ಟು ಮರಳುತ್ತದೋ ಇನ್ನೂ ಗೊತ್ತಿಲ್ಲ. ದೂರಿನ ಸಂಖ್ಯೆಯನ್ನು ಆ ಪ್ರಿಂಟಿನ ಹಿಂಬದಿಯಲ್ಲೇ ಕೆಂಪು ಶಾಯಿಯಲ್ಲಿ ಬರೆದುಕೊಟ್ಟರಂತೆ.

ಅಂದು ಸಂಜೆ ಮಾವ ಮತ್ತೆ ಫೋನ್ ಮಾಡಿದರು. "ಅವರಿಗೆ ನಾನೇನೂ ಬುದ್ಧಿ ಹೇಳ್ಲಿಲ್ಲ ಮಾರಾಯ" ಎಂದರು. "ಶನಿವಾರ ನಿಂಗೆ ಫೋನ್ ಮಾಡದಿದ್ರೆ ಆ ಮೆಟ್ಟಿಲ ಮೇಲೆ ಕೂತಿರ್ತಿದ್ದವನು ನಾನೇ."